ಇಂಪ್ಲಾಂಟ್ ಸುತ್ತ ಸೋಂಕು ಬಾರದಂತೆ ಕಾಪಾಡುವುದು ಹೇಗೆ?

ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರೇ ಇಂಪ್ಲಾಂಟ್. ಟೈಟಾನಿಯಂ ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಸುತ್ತಲಿನ ವಸಡಿಗೂ ಕೆಳಗಿನ ಮೂಳೆಗೂ ಸೋಂಕು ತಗಲುತ್ತದೆ. ಸ್ವಂತ ಹಲ್ಲಿನ ಬೇರನ್ನು ವಸಡಿನ ನಾರುಗಳು ಒಳಹೊಕ್ಕು ಹಿಡಿದಿರುತ್ತವೆ. ಇಂಪ್ಲಾಂಟಿಗೆ ಆ ಹಿಡಿತ ಇಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಸುಲಭವಾಗಿ ಕೆಳಗಿಳಿಯುತ್ತವೆ.

ಎಚ್ಚರಿಕೆ ಸರ್ಜರಿಗೂ ಮುಂಚೆಯೇ ಶುರುವಾಗಬೇಕು. ಶುಗರ್ ಹತೋಟಿಗೆ ಬರಲಿ, ಬೀಡಿ-ಸಿಗರೇಟು ನಿಲ್ಲಲಿ, ಬೇರೆ ಹಲ್ಲುಗಳ ವಸಡಿನ ರೋಗ ವಾಸಿಯಾಗಲಿ. ಸರ್ಜರಿಗೆ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ (ಪೆನ್ಸಿಲಿನ್ ಜಾತಿಯ ಆ್ಯಂಟಿಬಯೋಟಿಕ್) ಕೊಡುವ ಪದ್ಧತಿ ಇದೆ. ಪೆನ್ಸಿಲಿನ್ ಅಲರ್ಜಿ ಇದ್ದರೆ ಆಗಲೇ ಹೇಳಿಬಿಡಿ.

ಹೊಲಿಗೆ ಹಾಕಿದ ಮೇಲೆ ಕೆಲವು ದಿನ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡೀನ್ ಮೌತ್‌ವಾಶ್ ಅಥವಾ ಜೆಲ್ ಬಳಸಲು ಹೇಳುತ್ತಾರೆ. ಟೂತ್‌ಪೇಸ್ಟ್ ಬಳಸಿದ ತಕ್ಷಣ ಬೇಡ, ಅರ್ಧ ಗಂಟೆ ಬಿಡಿ. ಪೇಸ್ಟಿನ ನೊರೆ ಔಷಧಿಯ ಬಲ ಕುಗ್ಗಿಸುತ್ತದೆ. ಈ ಔಷಧಿಯನ್ನು ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ.

ಮುಂದೆ ಯಾವಾಗಲಾದರೂ ವಸಡು ಕೆಂಪಾಗಿ ರಕ್ತ ಬಂತೆಂದರೆ ತಡ ಮಾಡಬೇಡಿ. ಈ ಹಂತದಲ್ಲಿ ಪೂರ್ತಿ ವಾಸಿಯಾಗಬಹುದು. ಮೂಳೆ ಸವೆಯತೊಡಗಿದರೆ ಕಷ್ಟ.

ಆ್ಯಂಟಿಬಯೋಟಿಕ್ ಜೆಲ್ ಬೇಕೇ ಎಂದು ಡೆಂಟಿಸ್ಟ್ ಯೋಚಿಸುವುದು ಹೀಗೆ ಸೋಂಕು ಕಾಣಿಸಿಕೊಂಡಾಗ. ಆದರೆ ಜೆಲ್‌ಗಿಂತ ಮೊದಲು ಕ್ಲೀನಿಂಗ್ ಆಗಲೇಬೇಕು. ತೊಟ್ಟಿಯ ಪಾಚಿಯ ಹಾಗೆ ಬ್ಯಾಕ್ಟೀರಿಯಾ ಲೋಳೆ ಪದರ ಕಟ್ಟಿಕೊಂಡಿರುತ್ತವೆ. ಅದರ ಮೇಲೆ ಸುಮ್ನೆ ಔಷಧಿ ಹಾಕಿದರೆ ಒಳಗಿನವಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಪದರವನ್ನು ಕೆರೆದು ತೊಳೆದು, ಹತ್ತಿಯಿಟ್ಟು ಜಾಗ ಒಣಗಿಸುತ್ತಾರೆ. ಮೊಂಡು ತುದಿಯ ಸೂಜಿಯನ್ನು ವಸಡಿನ ಸಂದಿಯ ತಳಕ್ಕೆ ಇಳಿಸಿ, ಡಾಕ್ಸಿಸೈಕ್ಲಿನ್ ಜೆಲ್ ಬಿಡುತ್ತಾ ನಿಧಾನಕ್ಕೆ ಮೇಲೆ ತರುತ್ತಾರೆ. ತೇವ ತಗುಲಿದೊಡನೆ ಜೆಲ್ ಗಟ್ಟಿಯಾಗಿ ಅಲ್ಲೇ ಕೂರುತ್ತದೆ, ಸುಮಾರು ಒಂದು ವಾರ ಔಷಧಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಅಷ್ಟೂ ದಿನ ಆ ಜಾಗಕ್ಕೆ ಬ್ರಷ್ ತಾಗಿಸಬೇಡಿ. ಚೆನ್ನಾಗಿರುವ ಇಂಪ್ಲಾಂಟಿಗೆ ‘ಇರಲಿ’ ಅಂತ ಇದನ್ನು ಹಾಕಿಸುವುದು ಖಂಡಿತ ಬೇಡ. ಅನಗತ್ಯವಾಗಿ ಬಳಸಿದಷ್ಟೂ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತವೆ.

ಇನ್ನು ಬ್ಯಾಕ್ಟೀರಿಯಾ ತಡೆಯಲು ಪ್ರಯೋಗಿಸಿ ನೋಡುತ್ತಿರುವ ನ್ಯಾನೊ ಕಣಗಳು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲು. ಇಂಥ ಅಳತೆಯಲ್ಲಿ ಎಣಿಸುವಷ್ಟು ಸಣ್ಣ ಬೆಳ್ಳಿ ಕಣಗಳಿಂದ ಹೊರಬರುವ ಅಯಾನುಗಳು (ವಿದ್ಯುದಾವೇಶ ಇರುವ ಪರಮಾಣುಗಳು) ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳುಮಾಡುತ್ತವೆ. ಸತುವಿನ ಆಕ್ಸೈಡ್, ಸೀಗಡಿ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಮೇಲೂ ಪ್ರಯೋಗ ನಡೆದಿದೆ. ಟೈಟಾನಿಯಂ ಮೇಲೆಯೇ ನ್ಯಾನೊ ಕೊಳವೆ ಬೆಳೆಸಿ, ಅದರೊಳಗೆ ಔಷಧಿ ತುಂಬುವ ವಿಧಾನವೂ ಇದೆ. ತೊಡಕಿರುವುದು ಪ್ರಮಾಣದಲ್ಲಿ: ಬೆಳ್ಳಿ ಜಾಸ್ತಿಯಾದರೆ ನಮ್ಮ ಜೀವಕೋಶಗಳಿಗೂ ಪೆಟ್ಟು. ಇವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಾಲಯದ ಹಂತದಲ್ಲೇ ಇವೆ. ‘ನ್ಯಾನೊ’ ಎಂದು ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ, ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯಾ ಎಂದು ಧೈರ್ಯವಾಗಿ ಕೇಳಿ.

ಇಂಪ್ಲಾಂಟ್ ಮೇಲೆ ಕ್ಯಾಪ್ (ಕೃತಕ ಹಲ್ಲು) ಕೂರಿಸಿದ ದಿನದ ಎಕ್ಸ್‌ರೇ ಪ್ರತಿ ತೆಗೆದಿಟ್ಟುಕೊಳ್ಳಿ, ಮೂಳೆ ಸವೆದಿದೆಯಾ ಎಂದು ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ದಿನವೂ ಹಲ್ಲುಸಂದಿಯ ಸಣ್ಣ ಬ್ರಷ್ ಆಡಿಸಿ. ಕೀವು ಬಂದರೆ, ಇಂಪ್ಲಾಂಟ್ ಅಲುಗಾಡಿದರೆ ಆ ಎಕ್ಸ್‌ರೇ ಹಿಡಿದು ಅವತ್ತೇ ಡೆಂಟಿಸ್ಟ್ ಹತ್ತಿರ ಹೋಗಿ.