ಔಷಧ ಅಲ್ಲ, ವಯಸ್ಸು

ಮಲೇರಿಯಾ ಪರಾವಲಂಬಿಯ ಪ್ರೋಟೀನ್ ನೋಡಲು ಹೊರಟ ಹೊಸತರಲ್ಲಿ ನನ್ನ ಗಮನವೆಲ್ಲ ಪ್ರೋಟೀನ್ ತುಂಡುಗಳನ್ನು ತೂಗುವ ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರ್ ಮೇಲೇ. ಮೊದಲ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದು ರಾಶಿ ಹಿಮೋಗ್ಲೋಬಿನ್, ಜೊತೆಗೆ ನನ್ನದೇ ಚರ್ಮದ ಕೆರಾಟಿನ್! ಈ ಪರಾವಲಂಬಿ, ಪ್ಲಾಸ್ಮೋಡಿಯಂ ಫಾಲ್ಸಿಪಾರಂ, ಕೂತಿರುವುದು ಕೆಂಪು ರಕ್ತಕಣದೊಳಗೆ ಅಲ್ವಾ, ಇನ್ನೇನು ಸಿಗಬೇಕು?

ಹಾಗಾಗಿ ತೊಳೆಯುವುದನ್ನು ಕಲಿತೆ. ಸಪೋನಿನ್ ಎಂಬ ಸೋಪಿನಂಥ ವಸ್ತು ಹಾಕಿದರೆ ರಕ್ತಕಣ ಒಡೆಯುತ್ತದೆ, ಪರಾವಲಂಬಿ ಉಳಿಯುತ್ತದೆ. ತಣ್ಣನೆಯ ಬಫರ್‌ನಲ್ಲಿ ತೊಳೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ಕೆಂಪು ತಿಳಿಯಾಗುವ ತನಕ ಮತ್ತೆ ಮತ್ತೆ ಅದೇ ಕೆಲಸ. ಟ್ಯೂಬಿನ ತಳದಲ್ಲಿ ಕೊನೆಗೆ ಕಂದು ಬಣ್ಣದ ಒಂದು ಚಿಕ್ಕ ಮುದ್ದೆ. ಆ ಬಣ್ಣ ಹಿಮೋಜೋಯಿನ್‌ದು: ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಮಿಕ್ಕ, ಕಬ್ಬಿಣವಿರುವ ಹೀಮ್‌ನ ಹರಳು. ಉಳಿದದ್ದು ಮಾಮೂಲಿ. ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸುತ್ತದೆ, ಯಂತ್ರ ತೂಗುತ್ತದೆ. 2002ರಲ್ಲಿ ಪ್ರಕಟವಾದ ಪರಾವಲಂಬಿಯ ಜೀನೋಮ್‌ನ ಸುಮಾರು 5,300 ಜೀನ್‌ಗಳ ಜೊತೆ ಹೋಲಿಸಿದರೆ ಹೆಸರು ಸಿಗುತ್ತದೆ.

ನಿಜವಾಗಿ ಎಡವಿದ್ದು ಆಮೇಲೆ. ಮಲೇರಿಯಾ ಔಷಧ ಆರ್ಟೆಮಿಸಿನಿನ್ ಹಾಕಿ ಬೆಳೆಸಿದ ಕಲ್ಚರ್‌ನಲ್ಲಿ ನೂರಾರು ಪ್ರೋಟೀನ್ ಕಡಿಮೆಯಾಗಿದ್ದವು. ಔಷಧದ ಗುಟ್ಟೇ ಸಿಕ್ಕಿತು ಅಂತ ಹಿಗ್ಗಿದೆ. ಜೀಮ್ಸಾ ಬಣ್ಣ ಹಚ್ಚಿದ ಸ್ಲೈಡ್ ನೋಡಿದಾಗ ಗಾಳಿ ಇಳಿಯಿತು. ಔಷಧ ಹಾಕದವು ದಪ್ಪನೆಯ ಟ್ರೋಫೋಜೋಯಿಟ್, ಅಂದರೆ ಬಲಿತ ಹಂತ, ಆಗಿದ್ದವು. ಹಾಕಿದವು ಇನ್ನೂ ಉಂಗುರದಂತೆ ಕಾಣುವ ಎಳೆ ಹಂತದಲ್ಲೇ. ರಕ್ತದಲ್ಲಿ ಇದರ ಒಂದು ಸುತ್ತು 48 ಗಂಟೆ, ಹಂತ ಬದಲಾದಂತೆ ಪ್ರೋಟೀನ್‌ಗಳೂ ಬದಲಾಗುತ್ತವೆ. ನಾನು ಅಳೆದದ್ದು ವಯಸ್ಸನ್ನು. ಕೂಸಿನ ಪಕ್ಕ ಹತ್ತು ವರ್ಷದ ಹುಡುಗನನ್ನು ನಿಲ್ಲಿಸಿ, ಕೂಸು ಕುಳ್ಳಗಿದೆ ಅಂದ ಹಾಗೆ.

ಮುಂದಿನ ಸಲ 5% ಸಾರ್ಬಿಟಾಲ್ ಹಾಕಿ ಬಲಿತವನ್ನು ಕೊಂದು, ಉಂಗುರಗಳನ್ನಷ್ಟೇ ಬೆಳೆಸಿದೆ. ಔಷಧ ಹಾಕದ್ದನ್ನು ಹಲವು ಗಂಟೆಗಳಲ್ಲಿ ತೆಗೆದಿಟ್ಟು, ಒಂದೇ ವಯಸ್ಸಿನವನ್ನು ಜೋಡಿ ಮಾಡಿದೆ. ನೂರಾರು ವ್ಯತ್ಯಾಸ ಹೋಗಿ ಬೆರಳೆಣಿಕೆಯಷ್ಟು ಉಳಿದವು.

ಚಿಕಿತ್ಸೆಗೆ ಇದು ಯಾಕೆ ಬೇಕು ಅಂದರೆ, ಔಷಧಕ್ಕೆ ಬಗ್ಗದ ತಳಿಗಳಲ್ಲಿ ಕೆಲ್ಚ್13 ಎಂಬ ಪ್ರೋಟೀನ್ ಕಡಿಮೆ ಇರುತ್ತದೆ. ಅಂಥ ಉಂಗುರ ಹಿಮೋಗ್ಲೋಬಿನ್ ಕಮ್ಮಿ ನುಂಗುತ್ತದೆ. ಆರ್ಟೆಮಿಸಿನಿನ್ ಚುರುಕಾಗಲು ಆ ಹಿಮೋಗ್ಲೋಬಿನ್‌ನಿಂದ ಬರುವ ಹೀಮ್‌ನ ಕಬ್ಬಿಣವೇ ಬೇಕು. ನಾನು ಅಷ್ಟು ಬೈದುಕೊಂಡು ತೊಳೆದು ಚೆಲ್ಲಿದ ಹಿಮೋಗ್ಲೋಬಿನ್!

ಈಗ ಔಷಧಕ್ಕೆ ಬಗ್ಗುವ, ಬಗ್ಗದ ಎರಡೂ ತಳಿಗಳ ಎಳೆ ಉಂಗುರಗಳನ್ನು ಹೋಲಿಸುತ್ತಿದ್ದೇನೆ. ಅವುಗಳಲ್ಲಿ ಪ್ರೋಟೀನ್ ತೀರಾ ಕಡಿಮೆ, ತಳದ ಮುದ್ದೆ ಕಣ್ಣಿಗೆ ಕಾಣುವುದೇ ಕಷ್ಟ. ಒಂದು ಹೋಲಿಕೆಗೆ ಫ್ಲಾಸ್ಕ್‌ಗಟ್ಟಲೆ ಬೆಳೆಸಬೇಕು.