ದೋಣಿ ಹತ್ತದೆ ತಿಮಿಂಗಿಲ ನೋಡುವುದು

ಬೇಸಿಗೆ ಬಂತೆಂದರೆ ಸಿಯಾಟಲ್‌ಗೆ ಬರುವ ನೆಂಟರ, ಗೆಳೆಯರ ಪ್ರಶ್ನೆ ಒಂದೇ: "ವೇಲ್ ವಾಚಿಂಗ್‌ಗೆ ಯಾವ ಬೋಟು ಬುಕ್ ಮಾಡೋಣ?" ಯಾವುದೂ ಬೇಡ ಅನ್ನುತ್ತೇನೆ. ಹಾಗಂದಾಗ ಇವಳೇನು ಇಷ್ಟು ಜಿಪುಣಿ ಎಂಬಂತೆ ನೋಡುವವರೂ ಇದ್ದಾರೆ. ದುಡ್ಡಿನ ಮಾತು ಹಾಗಿರಲಿ, ಈ ಊರಿನಲ್ಲಿ ತಿಮಿಂಗಿಲ ನೋಡಲು ದೋಣಿ ಬೇಕೇ ಬೇಕು ಅಂತಿಲ್ಲ. ಸರಿಯಾದ ಪಾರ್ಕಿನಲ್ಲಿ, ಸರಿಯಾದ ಹೊತ್ತಿಗೆ, ದಡದ ಮೇಲೆ ನಿಂತರೆ ಸಾಕು. ಹಲವು ವರ್ಷಗಳಿಂದ ನಾನು ಹಾಗೇ ನೋಡುತ್ತಿರುವುದು.

ಇದು ಎಲ್ಲ ಕಡಲಿಗೂ ಹೊಂದುವ ಮಾತಲ್ಲ. ಸಿಯಾಟಲ್‌ನ ಮಗ್ಗುಲಲ್ಲಿರುವ ಕಡಲಿನ ಒಳಚಾಚು ಪ್ಯೂಜೆಟ್ ಸೌಂಡ್ ಎನ್ನುವುದು ಹಿಮಯುಗದಲ್ಲಿ ನೀರ್ಗಲ್ಲು ಕೊರೆದುಹಾಕಿದ ಕಣಿವೆಗಳಿಗೆ ಕಡಲು ನುಗ್ಗಿ ಆದದ್ದು. ನಮ್ಮ ಕುಮಟಾ, ಹೊನ್ನಾವರದ ಕಡೆ ಕಡಲು ನಿಧಾನವಾಗಿ ಆಳವಾಗುತ್ತ ಹೋಗುತ್ತದೆ. ಇಲ್ಲಿ ಎಷ್ಟೋ ಕಡೆ ದಡ ದಾಟಿದ ಕೂಡಲೇ ಆಳ. ಅದಕ್ಕೇ ದೊಡ್ಡ ಪ್ರಾಣಿಗಳು ಬಂಡೆಯ ಬುಡದಲ್ಲೇ ಹಾದುಹೋಗುತ್ತವೆ. ಮೇಲಾಗಿ ನೀರಿನ ದಾರಿ ಕಿರಿದು, ಎರಡೂ ಕಡೆ ನೆಲ. ಒಳಗೆ ಬಂದ ತಿಮಿಂಗಿಲ ಯಾವುದಾದರೂ ಒಂದು ಮೂಲೆಯನ್ನು ದಾಟಿಯೇ ಹೋಗಬೇಕು.

ದೋಣಿ ಬೇಡ ಅನ್ನಲು ಇನ್ನೊಂದು ಕಾರಣವಿದೆ. ಇಲ್ಲಿನ ಓರ್ಕಾಗಳಲ್ಲಿ, ಅಂದರೆ ಕಪ್ಪು ಬಿಳುಪಿನ ಕಿಲ್ಲರ್ ವೇಲ್‌ಗಳಲ್ಲಿ, ಮೀನು ತಿಂದು ಬದುಕುವ ಒಂದು ಬಳಗವನ್ನು ಸದರ್ನ್ ರೆಸಿಡೆಂಟ್ಸ್ ಎನ್ನುತ್ತಾರೆ. ಜೆ, ಕೆ, ಎಲ್ ಎಂಬ ಮೂರು ಗುಂಪು ಸೇರಿ ಉಳಿದಿರುವುದು 75ರ ಆಸುಪಾಸು. 2005ರಲ್ಲೇ ಅವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಅವು ಚಿನೂಕ್ ಸಾಲ್ಮನ್ ಎಂಬ ಮೀನನ್ನು ಹುಡುಕುವುದು ಶಬ್ದ ಹೊರಡಿಸಿ, ಅದರ ಮರುದನಿ ಕೇಳಿ. ಎಂಜಿನ್ ಸದ್ದು ಆ ಬೇಟೆಗೆ ಅಡ್ಡ ಬರುತ್ತದೆ. 2025ರ ಜನವರಿಯಿಂದ ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ದೋಣಿಗಳು ಈ ಓರ್ಕಾಗಳಿಂದ ಸಾವಿರ ಗಜ ದೂರ ಇರಬೇಕು. ಬಂಡೆಯ ಮೇಲೆ ಕೂತವರಿಗೆ ಅಂಥ ಅಳತೆಯ ಗೋಜಿಲ್ಲ. ಅವು ತಾವಾಗಿ ಹತ್ತಿರ ಬಂದರೆ ಬಂದವು.

ಈಗ ಕೆಲಸದ ವಿಷಯ. ಸುಮ್ಮನೆ ಹೋಗಿ ಕಾಯುವುದು ಒಂದು ಬಗೆ, ಸುದ್ದಿ ಹಿಡಿದು ಹೋಗುವುದು ಇನ್ನೊಂದು. ನಾನು ಹೆಚ್ಚಾಗಿ ಎರಡನೆಯದನ್ನು ಮಾಡುತ್ತೇನೆ. ವಿಡ್ಬಿ ದ್ವೀಪದ ಓರ್ಕಾ ನೆಟ್‌ವರ್ಕ್ ಎಂಬ ಸಂಸ್ಥೆಗೆ ದಡದವರು, ಫೆರಿಯಲ್ಲಿ ಹೋಗುವವರು, ಅಡುಗೆಮನೆ ಕಿಟಕಿಯಿಂದ ಕಂಡವರು ಎಲ್ಲರೂ ಸುದ್ದಿ ಕಳಿಸುತ್ತಾರೆ. ಅದರಲ್ಲಿ ನಾನು ಮೊದಲು ನೋಡುವುದು ಎಷ್ಟು ಕಂಡವು ಅಂತಲ್ಲ, ಯಾವ ದಿಕ್ಕಿಗೆ ಹೊರಟಿದ್ದವು ಅಂತ. ಓರ್ಕಾ ಆತುರವಿಲ್ಲದೆ ಹೋಗುವಾಗ ಗಂಟೆಗೆ ಆರೇಳು ಕಿಲೋಮೀಟರ್ ಸಾಗುತ್ತದೆ. ಬೆಳಿಗ್ಗೆ ಎಡ್ಮಂಡ್ಸ್ ಹತ್ತಿರ ತೆಂಕಲಿಗೆ ಹೊರಟಿದ್ದು ಕಂಡರೆ, ಪಶ್ಚಿಮ ಸಿಯಾಟಲ್‌ನ ಆಲ್ಕೈ ಪಾಯಿಂಟ್ ಮುಟ್ಟಲು ನಾಲ್ಕು ಗಂಟೆ ಹಿಡಿದೀತು. ಎಡ್ಮಂಡ್ಸ್‌ಗೆ ಓಡಿದರೆ ಬಾಲವೂ ಸಿಗುವುದಿಲ್ಲ. ಅಡುಗೆ ಮುಗಿಸಿ, ಊಟ ಕಟ್ಟಿಕೊಂಡು, ಆರಾಮವಾಗಿ ಆಲ್ಕೈಗೆ ಹೋಗಿ ಕೂರಬೇಕು. ಬೇಟೆಗೆ ಬಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ, ಒಂದೇ ಕಡೆ ಗಂಟೆಗಟ್ಟಲೆ ಸುತ್ತುತ್ತವೆ, ಇಲ್ಲವೇ ಬಂದ ದಾರಿಗೆ ತಿರುಗಿಬಿಡುತ್ತವೆ.

ನಕ್ಷೆಯಲ್ಲಿ ನೆಲ ಎಲ್ಲಿ ನೀರಿಗೆ ಮೂಗು ಚಾಚಿದೆಯೋ ಅಲ್ಲಿಗೆ ಹೋಗಿ. ಆಲ್ಕೈ, ವಾಶಾನ್ ದ್ವೀಪದ ಪಾಯಿಂಟ್ ರಾಬಿನ್ಸನ್, ಟಕೋಮಾದ ಪಾಯಿಂಟ್ ಡಿಫೈಯನ್ಸ್, ಕಿಟ್ಸಾಪ್ ಕಡೆಯ ಪಾಯಿಂಟ್ ನೋ ಪಾಯಿಂಟ್ ಎಲ್ಲವೂ ಅಂಥ ಮೂಗುಗಳೇ. ಅನೇಕ ಕಡೆ ದೀಪಸ್ತಂಭವೂ ಇರುತ್ತದೆ. ಹಡಗಿನವರಿಗೆ ದೂರದಿಂದ ಕಾಣಲಿ ಅಂತ ಕಟ್ಟಿದ ಜಾಗದಿಂದ ನಮಗೂ ದೂರ ಕಾಣುತ್ತದೆ.

ಹೋದ ಮೇಲೆ ದುರ್ಬೀನು ಕೂಡಲೇ ಕಣ್ಣಿಗೆ ಹಿಡಿಯಬೇಡಿ. ಮೊದಲು ಬರಿಗಣ್ಣಲ್ಲಿ ಇಡೀ ನೀರನ್ನು ನಿಧಾನವಾಗಿ ಎಡದಿಂದ ಬಲಕ್ಕೆ ನೋಡಿ. ಆಮೇಲೆ ದುರ್ಬೀನಿನಲ್ಲಿ ದೂರದ ದಡದ ಅಂಚು, ನಡುನೀರು, ಹತ್ತಿರದ ನೀರು ಅಂತ ಮೂರು ಸಾಲು ಮಾಡಿಕೊಳ್ಳಿ. ನನ್ನದು ಎಂಟು ಪಟ್ಟು ದೊಡ್ಡದು ಮಾಡುವ, 42 ಮಿಲಿಮೀಟರ್ ಗಾಜಿನದು. ಹತ್ತು ಪಟ್ಟಿನದು ಗಾಳಿಯಲ್ಲಿ ಕೈ ನಡುಗಿದರೆ ಪ್ರಯೋಜನಕ್ಕಿಲ್ಲ. ಹುಡುಕಬೇಕಾದ್ದು ಪ್ರಾಣಿಯನ್ನಲ್ಲ, ಅದರ ಉಸಿರನ್ನು. ಕಪ್ಪು ಕಾಡಿನ ಹಿನ್ನೆಲೆಯಲ್ಲಿ ಬಿಳಿ ಹೊಗೆಯ ತುಣುಕು ಎದ್ದು ಕರಗುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲದ್ದು ಎತ್ತರಕ್ಕೇರುತ್ತದೆ, ಬೂದು ತಿಮಿಂಗಿಲದ್ದು ಎದುರಿನಿಂದ ನೋಡಿದರೆ ಹೃದಯದ ಆಕಾರ, ಓರ್ಕಾದ್ದು ಗಿಡ್ಡ. ಮಿಂಕಿ ಎಂಬ ಚಿಕ್ಕ ತಿಮಿಂಗಿಲದ್ದು ಕಾಣುವುದೇ ಅಪರೂಪ. ಗಾಳಿಯಿಲ್ಲದ ಮೋಡದ ದಿನ ಇದಕ್ಕೆಲ್ಲ ಹೇಳಿ ಮಾಡಿಸಿದ್ದು, ಅಂಥ ದಿನಗಳಿಗೆ ಇಲ್ಲಿ ಬರವಿಲ್ಲ. ಬಿಸಿಲು ಚೆನ್ನಾಗಿದೆ ಅಂತ ಜನ ತುಂಬುವ ಮಧ್ಯಾಹ್ನ ನೀರೆಲ್ಲ ಹೊಳೆದು ಏನೂ ಕಾಣುವುದಿಲ್ಲ.

ಕಣ್ಣಿಗೆ ಮೋಸ ಮಾಡುವವೂ ಇವೆ. ಬುಲ್ ಕೆಲ್ಪ್ ಎಂಬ ಪಾಚಿಯ ಗುಂಡು ತಲೆ ನೀರ ಮೇಲೆ ತೇಲುತ್ತ ಥೇಟ್ ಸೀಲ್ ಅನ್ನಿಸುತ್ತದೆ. ಎರಡು ನಿಮಿಷ ಕಾದರೆ ಸೀಲ್ ಮುಳುಗುತ್ತದೆ, ಕೆಲ್ಪ್ ಅಲ್ಲೇ ಇರುತ್ತದೆ. "ಓರ್ಕಾ ಮರಿ!" ಅಂತ ಕೂಗಿಸುವುದು ಡಾಲ್ಫಿನ್‌ನ ನೆಂಟ ಡಾಲ್ಸ್ ಪಾರ್ಪಸ್. ಅದೂ ಕಪ್ಪು ಬಿಳುಪು, ಆದರೆ ವೇಗವಾಗಿ ಹೋಗುತ್ತ ನೀರನ್ನು ಹಿಂದಕ್ಕೆ ಎರಚುತ್ತದೆ. ಓರ್ಕಾ ಮರಿ ತಾಯಿಯ ಪಕ್ಕ ಬಿಟ್ಟು ಒಂಟಿಯಾಗಿ ಹಾಗೆ ಓಡಾಡುವುದಿಲ್ಲ.

ಮಾರ್ಚ್‌ನಿಂದ ಮೇ ತನಕ ನಾನು ಹೋಗುವುದು ವಿಡ್ಬಿ ದ್ವೀಪದ ಲ್ಯಾಂಗ್ಲಿಗೆ. ಮುಕಿಲ್ಟಿಯೋದಿಂದ ಫೆರಿಯಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಕಾರಿನಲ್ಲಿ ಸ್ವಲ್ಪ ದೂರ. ಬೂದು ತಿಮಿಂಗಿಲಗಳು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾ ಕಡೆಗೆ ವಲಸೆ ಹೋಗುವ ಕಾಲ ಅದು. ಸಾವಿರಾರು ನೇರವಾಗಿ ಹೊರಗಡಲಲ್ಲೇ ಹೋಗುತ್ತವೆ. ಒಂದು ಚಿಕ್ಕ ತಂಡ ಮಾತ್ರ ದಾರಿ ಬಿಟ್ಟು ಒಳಗೆ ತಿರುಗಿ ಸಾರಟೋಗ ಪ್ಯಾಸೇಜ್‌ಗೆ ಬರುತ್ತದೆ. 1990ರ ಸುಮಾರಿನಿಂದ ಅವನ್ನು ಗುರುತು ಹಿಡಿದು ಲೆಕ್ಕ ಇಡುತ್ತಿದ್ದಾರೆ. ಸೌಂಡರ್ಸ್ ಅಂತ ಹೆಸರು. ಪ್ಯಾಚ್, ಇಯರ್‌ಹಾರ್ಟ್ ಅಂತ ಒಂದೊಂದಕ್ಕೆ ಪ್ರತ್ಯೇಕ ಹೆಸರೂ ಇದೆ.

ಅವು ಬರುವುದು ಮಣ್ಣಿನಲ್ಲಿ ಬಿಲ ತೋಡಿಕೊಂಡಿರುವ ಗೋಸ್ಟ್ ಶ್ರಿಂಪ್ ಎಂಬ ಸೀಗಡಿಗೆ. ಸೀಗಡಿ ಇರುವುದು ಇಳಿತದಲ್ಲಿ ಬರಿದಾಗುವ ಕೆಸರಿನಲ್ಲಿ, ಹಾಗಾಗಿ ತಿಮಿಂಗಿಲ ಭರತ ಏರಿದಾಗಲೇ ದಡಕ್ಕೆ ಬರಬೇಕು. ಭರತ ಇಳಿತದ ಪಟ್ಟಿ ನೋಡಿ ಹೊರಡುವುದು ಅದಕ್ಕೇ. ನಲವತ್ತು ಅಡಿಯ ಪ್ರಾಣಿ, ಎರಡಾಳು ನೀರೂ ಇಲ್ಲದ ಕಡೆ ಬಂದು ಮಗ್ಗುಲಾಗುತ್ತದೆ, ಸಾಮಾನ್ಯವಾಗಿ ಬಲಕ್ಕೆ. ಆಗ ಒಂದು ಈಜುರೆಕ್ಕೆ, ಅರ್ಧ ಬಾಲ ನೀರಿನಿಂದ ನೆಟ್ಟಗೆ ಮೇಲೇಳುತ್ತವೆ. ಗೊತ್ತಿಲ್ಲದವರು ಎರಡು ಶಾರ್ಕ್ ಅಂದುಕೊಳ್ಳಬೇಕು. ಕೆಸರನ್ನು ಹೀರಿ, ಬಾಯೊಳಗಿನ ಜರಡಿಯಲ್ಲಿ ಸೋಸಿ, ನೀರು ಮಣ್ಣು ಹೊರಗೆ ಬಿಡುತ್ತದೆ. ಸುತ್ತಲಿನ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಎದ್ದಾಗ ಕಾಣುವ ಬೆನ್ನು ಸುಣ್ಣ ಉದುರಿದ ಹಳೇ ಗೋಡೆಯ ಹಾಗೆ: ಬೂದು ಬಣ್ಣ, ಮೇಲೆಲ್ಲ ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಕಚ್ಚಿದ ಬಿಳಿ ತೇಪೆಗಳು. ಬೆನ್ನ ಮೇಲೆ ರೆಕ್ಕೆ ಇರುವುದಿಲ್ಲ, ಬಾಲದ ತನಕ ಗಂಟು ಗಂಟು ಏಣು. ಇಳಿತವಾದ ಮೇಲೆ ಅದೇ ಕೆಸರು ನೋಡಿದರೆ ಅದು ತಿಂದುಹೋದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ತಿಮಿಂಗಿಲ ಸಿಗದ ದಿನ ಆ ಗುಂಡಿ ನೋಡಿಕೊಂಡು ಬಂದರೂ ನನಗೆ ನಷ್ಟವಿಲ್ಲ, ಜೊತೆಗೆ ಬಂದವರ ಮಾತು ಬೇರೆ.

ಲ್ಯಾಂಗ್ಲಿಯ ರಸ್ತೆ ಪಕ್ಕದ ಪುಟ್ಟ ಪಾರ್ಕಿನಲ್ಲಿ ಒಂದು ಗಂಟೆ ತೂಗುಹಾಕಿದ್ದಾರೆ. ತಿಮಿಂಗಿಲ ಕಂಡವರು ಬಾರಿಸಬೇಕು, ಅಂಗಡಿಯಲ್ಲಿದ್ದವರೂ ಕಾಫಿ ಬಿಟ್ಟು ಬರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲೇ ಹೇಳಿಡಿ, ಕಂಡರೆ ಮಾತ್ರ ಅಂತ.

ಅದೇ ದ್ವೀಪದ ಪೆನ್ ಕೋವ್ ಎಂಬಲ್ಲಿ, ಆಗಸ್ಟ್ 1970ರಲ್ಲಿ, ಓರ್ಕಾಗಳನ್ನು ಬಲೆಯಲ್ಲಿ ಕೂಡಿ ಮರಿಗಳನ್ನು ಹಿಡಿದು ಪ್ರದರ್ಶನಕ್ಕೆ ಮಾರಿದರು. ಅವುಗಳಲ್ಲಿ ಒಂದಾದ ಟೋಕಿಟೇ ಮಯಾಮಿಯ ತೊಟ್ಟಿಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಇದ್ದು, ಆಗಸ್ಟ್ 2023ರಲ್ಲಿ ಅಲ್ಲೇ ಸತ್ತಿತು. ಕೂಪ್‌ವಿಲ್‌ನ ಮರದ ಜಟ್ಟಿಯ ಮೇಲೆ ನಿಂತರೆ ಆ ನೀರು ಎದುರಿಗೇ ಇದೆ. ರೆಸಿಡೆಂಟ್ ಓರ್ಕಾಗಳ ಸಂಖ್ಯೆ ಇವತ್ತಿಗೂ ಚೇತರಿಸಿಕೊಳ್ಳದ್ದಕ್ಕೆ ಆ ಕಾಲದ ಹಿಡಿತವೂ ಒಂದು ಕಾರಣ.

ಇನ್ನು ಲೈಮ್ ಕಿಲ್ನ್ ಪಾಯಿಂಟ್. ಸ್ಯಾನ್ ವಾನ್ ದ್ವೀಪದ ಪಡುವಣ ಅಂಚು, ಎದುರಿಗೆ ಹ್ಯಾರೋ ಜಲಸಂಧಿ, ಆಚೆ ಕೆನಡಾದ ವ್ಯಾಂಕೂವರ್ ದ್ವೀಪ. 1919ರ ದೀಪಸ್ತಂಭ ಇನ್ನೂ ನಿಂತಿದೆ, ಸುಣ್ಣ ಸುಡುತ್ತಿದ್ದ ಹಳೆಯ ಗೂಡೂ ಇದೆ. ಅನಕೋರ್ಟಿಸ್‌ನಿಂದ ಫೆರಿ ಹಿಡಿಯಬೇಕು, ಬೇಸಿಗೆಯಲ್ಲಿ ಕಾರಿಗೆ ಮುಂಗಡ ಜಾಗ ಕಾದಿರಿಸದೆ ಹೋದರೆ ದಿನವೆಲ್ಲ ಸಾಲಿನಲ್ಲೇ ಕಳೆಯಬಹುದು. ಪಾರ್ಕು ಪಡುವಣಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಮೇಲೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ದ್ವೀಪದಲ್ಲೇ ರಾತ್ರಿ ಉಳಿದು ಬೆಳಿಗ್ಗೆ ಹೋಗುವುದು ನನ್ನ ಪದ್ಧತಿ.

ಅಮ್ಮ ಊರಿಂದ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ಸುಮ್ಮನಿದ್ದವಳು ಆಮೇಲೆ ಶುರು ಮಾಡಿದಳು: "ಅಲ್ಲ, ಇಷ್ಟು ದೂರ ಬಂದು ಬರೀ ನೀರು ನೋಡೂದಾ? ನೀರು ನಮ್ಮೂರಲ್ಲಿ ಇರಲಿಲ್ವಾ?" ಅವಲಕ್ಕಿ ಡಬ್ಬಿ ತೆಗೆದುಕೊಟ್ಟೆ. ಆಚೆ ಬಂಡೆಯವರು ಒಮ್ಮೆಲೇ ಎದ್ದು ನಿಂತರು. ನಾಲ್ಕು ಓರ್ಕಾ, ಕೆಲ್ಪ್ ತೋಟದ ಅಂಚಿಗೇ ಅಂಟಿಕೊಂಡು ಬರುತ್ತಿದ್ದವು. ಮುಂದಿನದರ ಬೆನ್ನ ರೆಕ್ಕೆ ಆಳುದ್ದ, ಅಂದರೆ ಪ್ರಾಯದ ಗಂಡು. ಗಂಡಿನ ರೆಕ್ಕೆ ಆರು ಅಡಿಯವರೆಗೂ ಬೆಳೆಯುತ್ತದೆ. ರೆಕ್ಕೆ ಎದ್ದ ಮೇಲೆ ಉಸಿರಿನ ಸದ್ದು, ಭುಸ್ಸೆಂದು, ಒಂದಾದ ಮೇಲೊಂದು. ನಮ್ಮ ಕಾಲ ಬುಡದಲ್ಲಿ ಒಂದು ಸೀಲ್ ಬಂಡೆಯ ಸಂದಿಗೆ ಮೈ ಒತ್ತಿಕೊಂಡು ಅಲುಗದೆ ನಿಂತಿತ್ತು. ಅಮ್ಮ ಓರ್ಕಾ ನೋಡುವುದು ಬಿಟ್ಟು ಅದನ್ನೇ ನೋಡುತ್ತ, "ಪಾಪ, ಅದೊಂದು ಉಳೀಲಿ ದೇವರೇ" ಅಂದಳು. ಉಳಿಯಿತು.

ಸೀಲ್ ಹಾಗೆ ಹೆದರಿದ್ದರಿಂದಲೇ ಇವು ರೆಸಿಡೆಂಟ್ ಅಲ್ಲ ಅಂತ ಗೊತ್ತಾಗುತ್ತದೆ. ಸೀಲ್, ಸೀ ಲಯನ್, ಪಾರ್ಪಸ್ ತಿನ್ನುವ ಇನ್ನೊಂದು ಬಗೆಗೆ ಬಿಗ್ಸ್ ಓರ್ಕಾ ಎನ್ನುತ್ತಾರೆ. ರೆಕ್ಕೆ, ಅದರ ಹಿಂದಿನ ಬೂದು ಮಚ್ಚೆ ನೋಡಿ ಒಂದೊಂದನ್ನೂ ಗುರುತಿಸಬಹುದೆಂದು 1970ರ ದಶಕದಲ್ಲಿ ತೋರಿಸಿದ ಕೆನಡಾದ ವಿಜ್ಞಾನಿ ಮೈಕಲ್ ಬಿಗ್ ಅವರ ಹೆಸರು. ಎರಡು ಬಗೆಗೂ ಒಂದಕ್ಕೊಂದು ಸಂಬಂಧ ಬೆಳೆಯುವುದಿಲ್ಲ. ಬಿಗ್ಸ್ ಓರ್ಕಾಗಳ ಗುರುತಿನ ಸಂಖ್ಯೆಯಲ್ಲೇ ವಂಶಾವಳಿ ಇದೆ: ಟಿ65ಎ ಎಂದರೆ ಟಿ65ರ ಮೊದಲ ಮಗು, ಟಿ65ಎ5 ಎಂದರೆ ಟಿ65ಎಯ ಐದನೆಯದು. ಲೈಮ್ ಕಿಲ್ನ್‌ನಲ್ಲಿ ನೀರೊಳಗೆ ಹೈಡ್ರೋಫೋನ್ ಎಂಬ ಮೈಕು ಇಟ್ಟಿದ್ದಾರೆ, ಅದರ ದನಿ ಮೊಬೈಲಿನಲ್ಲೂ ಕೇಳುತ್ತದೆ. ರೆಸಿಡೆಂಟ್‌ಗಳು ಬರುವುದಾದರೆ ಕಣ್ಣಿಗೆ ಬೀಳುವ ಮೊದಲೇ ಕೂಗಾಟ ಕೇಳುತ್ತದೆ. ಬಿಗ್ಸ್ ಬೇಟೆಯಲ್ಲಿರುವಾಗ ಸದ್ದೇ ಇಲ್ಲ, ಸೀಲ್‌ಗೂ ಕಿವಿ ಇದೆಯಲ್ಲ. ಹಿಂದೆ ಬೇಸಿಗೆಯಲ್ಲಿ ರೆಸಿಡೆಂಟ್‌ಗಳು ಇಲ್ಲಿಗೆ ಹೆಚ್ಚುಕಡಿಮೆ ದಿನವೂ ಬರುತ್ತಿದ್ದವಂತೆ. ಫ್ರೇಸರ್ ನದಿಯ ಚಿನೂಕ್ ಕಡಿಮೆಯಾದ ಮೇಲೆ ಅವು ಕಾಣುವುದೂ ಕಡಿಮೆ. ಈಗ ದಡದಿಂದ ಸಿಗುವವು ಹೆಚ್ಚಾಗಿ ಬಿಗ್ಸ್.

ತಿಮಿಂಗಿಲ ಬಾರದ ದಿನಕ್ಕೆ ಇಳಿತ ಇದೆ. ಬೇಸಿಗೆಯಲ್ಲಿ ಇಲ್ಲಿನ ದೊಡ್ಡ ಇಳಿತಗಳು ಹಗಲಿಗೇ ಬರುತ್ತವೆ, ಚಳಿಗಾಲದಲ್ಲಿ ರಾತ್ರಿಗೆ. ಆಲ್ಕೈ ಪಕ್ಕದ ಕಾನ್‌ಸ್ಟಲೇಶನ್ ಪಾರ್ಕಿನಲ್ಲಿ ಬಂಡೆ ಬಯಲಾದಾಗ ನೇರಳೆ, ಕಿತ್ತಳೆ ಬಣ್ಣದ ನಕ್ಷತ್ರ ಮೀನು ಕಾಣುತ್ತವೆ. 2013ರಿಂದ ಹಬ್ಬಿದ ರೋಗದಲ್ಲಿ ಲಕ್ಷಗಟ್ಟಲೆ ಕರಗಿಹೋದ ಜೀವಿಗಳು, ಈಗ ಒಂದೊಂದೇ ಕಾಣಸಿಗುತ್ತವೆ. ಮರಳಲ್ಲಿ ಬಿದ್ದ ಬೂದು ಬಣ್ಣದ ದುಂಡನೆ ಕಾಲರ್ ಪ್ಲಾಸ್ಟಿಕ್ ಅಂತ ಎತ್ತಿ ಎಸೆಯಬೇಡಿ, ಅದು ಮೂನ್ ಸ್ನೇಲ್ ಎಂಬ ಬಸವನಹುಳುವಿನ ಮೊಟ್ಟೆ ಮರಳಿಗೆ ಕೂಡಿಕೊಂಡು ಆದದ್ದು. ಜುಲೈ, ಆಗಸ್ಟ್‌ನಲ್ಲಿ ಮರಳ ಮೇಲೆ ಸೀಲ್ ಮರಿ ಒಂಟಿಯಾಗಿ ಮಲಗಿರುತ್ತದೆ. ತಾಯಿ ಮೀನಿಗೆ ಹೋಗಿರುತ್ತಾಳೆ. ಅನಾಥ ಅಂತ ನೀರು ಹಾಕಲು, ಎತ್ತಿಕೊಳ್ಳಲು ಹೋದರೆ ಕಾನೂನಿಗೂ ವಿರುದ್ಧ, ತಾಯಿಯೂ ಹತ್ತಿರ ಬರುವುದಿಲ್ಲ. ನೂರು ಗಜ ದೂರ ನಿಂತು ಸ್ವಯಂಸೇವಕರಿಗೆ ಫೋನ್ ಮಾಡಿದರೆ ಅವರೇ ಬಂದು ಸುತ್ತ ಟೇಪ್ ಕಟ್ಟುತ್ತಾರೆ.

ರೆಸಿಡೆಂಟ್‌ಗಳನ್ನೇ ನೋಡಬೇಕೆಂಬ ಹಟವಿದ್ದರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಕಾಯಿರಿ. ಆಗ ಚಮ್ ಸಾಲ್ಮನ್ ತೊರೆಗಳಿಗೆ ಏರುತ್ತದೆ, ಅದರ ಬೆನ್ನಿಗೆ ಅವು ಸಿಯಾಟಲ್‌ನ ಎದುರಿಗೇ ಬರುತ್ತವೆ. ಹಗಲು ಗಿಡ್ಡ, ನಾಲ್ಕೂವರೆಗೆಲ್ಲ ಕತ್ತಲು, ಮಳೆ ಇದ್ದದ್ದೇ. ನಾನು ಎರಡು ಉಣ್ಣೆ ಟೊಪ್ಪಿ, ಫ್ಲಾಸ್ಕಿನಲ್ಲಿ ಶುಂಠಿ ಚಹಾ, ಜೊತೆಗೊಂದು ಹಳೇ ಟವೆಲ್ ಹಾಕಿಕೊಂಡು ಹೋಗುತ್ತೇನೆ. ಆಲ್ಕೈಯ ಬೆಂಚುಗಳು ಆ ಮೂರು ತಿಂಗಳು ಒಣಗಿದ್ದು ನಾನಂತೂ ಕಂಡಿಲ್ಲ.