ಐಕಿಡೋ ಕಲಿತಿದ್ದು ಹೆಂಗೆ: ಬೀಳೋದು, ತಿರುಗೋದು, ಆಮೇಲೆ ಉಳಿದಿದ್ದು

ಕೆಲಸಕ್ಕೆ ಅಂತ ಟೋಕಿಯೋಗೆ ಬಂದು ಒಂದು ವರ್ಷ ಆದ್ಮೇಲೆ ಮನೆ ಹತ್ರದ ಸಣ್ಣ ಐಕಿಡೋ ದೋಜೋಗೆ (ಅಭ್ಯಾಸ ಮಾಡೋ ಶಾಲೆಗೆ) ಸೇರ್ಕೊಂಡೆ, ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ. ಈಗ ಎರಡು ವರ್ಷ ಆಯ್ತು. ಊರಿಂದ ಫ್ರೆಂಡ್ಸ್ ಫೋನ್ ಮಾಡಿದಾಗೆಲ್ಲ ಅದೇನು ಕರಾಟೆ ಥರಾನಾ ಅಂತ ಕೇಳ್ತಿರ್ತಾರೆ, ಅದಕ್ಕೇ ಒಂದ್ಸಲ ಸರಿಯಾಗಿ ಬರೆದುಬಿಡೋಣ ಅಂತ.

ಒದೆಯೋದು ಗುದ್ದೋದು ಇದ್ರಲ್ಲಿ ಕಮ್ಮಿ. ಎದುರಿಗಿರೋರು ಕೈ ಹಿಡೀತಾರೆ, ಇಲ್ಲಾ ಹೊಡೆಯೋಕೆ ಬರ್ತಾರೆ, ಆ ಬರೋ ಜೋರನ್ನ ತಡೀದೆ ಅದ್ರ ಜೊತೇಲೇ ಹೋಗಿ ಬ್ಯಾಲೆನ್ಸ್ ತಪ್ಪಿಸಿ ಬೀಳಿಸ್ಬೇಕು ಅಥವಾ ಕೈ ಲಾಕ್ ಮಾಡಿ ನೆಲಕ್ಕೆ ತರ್ಬೇಕು. ಮೊರಿಹೇಯಿ ಉಯೆಶಿಬಾ ಅನ್ನೋರು ಸೊಕಾಕು ತಕೆದಾ ಹತ್ರ ದಾಯ್ತೋ-ರ್ಯೂ ಜುಜುತ್ಸು ಅನ್ನೋ ಜಪಾನಿನ ಬರಿಗೈ ಕಾದಾಟದ ಪದ್ಧತಿ ಕಲಿತು ಅದ್ರಿಂದ ಬೆಳೆಸಿದ ವಿದ್ಯೆ ಇದು, ಐಕಿಡೋ ಅನ್ನೋ ಹೆಸರು ನಿಂತಿದ್ದು 1942ರಲ್ಲಿ. ನಾನು ಕಲಿಯೋ ಐಕಿಕಾಯ್ ಅನ್ನೋ ಸಂಸ್ಥೆಯ ಪದ್ಧತೀಲಿ ಸ್ಪರ್ಧೆ ಇಲ್ಲ. ಜೋಡಿಯಾಗಿ ಮಾಡ್ತೀವಿ, ನಾಲ್ಕು ಸಲ ನಾನು ಬೀಳಿಸಿದ್ರೆ ಮುಂದಿನ ನಾಲ್ಕು ಸಲ ನಾನು ಬೀಳ್ತೀನಿ, ಎಡಗಡೆ ಎರಡು ಬಲಗಡೆ ಎರಡು. ಅಂದ್ರೆ ಅರ್ಧ ಕ್ಲಾಸು ಬೀಳೋದೇ.

ಹಾಗಾಗಿ ಮೊದ್ಲು ಉಕೆಮಿ, ಬೀಳೋ ವಿದ್ಯೆ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲಿಟ್ಟು, ಹಿಂದಿನ ಕಾಲು ಮಡಚಿ ಕೂತು ಉರುಳ್ಬೇಕು, ತಲೆ ನೆಲಕ್ಕೆ ತಾಗಲೇಬಾರದು. ಮುಂದಕ್ಕೆ ಉರುಳೋದು ಇನ್ನೂ ಕಷ್ಟ. ಕೈಯ ಕಿರುಬೆರಳಿನ ಅಂಚು, ಮುಂಗೈ, ತೋಳು, ಭುಜದ ಹಿಂಭಾಗ, ಅಲ್ಲಿಂದ ಬೆನ್ನಿಗೆ ಅಡ್ಡವಾಗಿ ಇನ್ನೊಂದು ಕಡೆಯ ಸೊಂಟ, ಹಿಂಗೆ ಒಂದೇ ಗೆರೇಲಿ ಮೈ ಚಾಪೆ ಮೇಲೆ ಹಾದುಹೋಗ್ಬೇಕು. ಮೂರನೇ ತಿಂಗಳಲ್ಲಿ ನಾನು ಅಂಗೈ ಊರಿದೆ, ಮೊಣಕೈ ಕುಸೀತು, ಭುಜದ ತುದಿ ನೇರ ಬಡೀತು. ಆರು ವಾರ ರೆಸ್ಟು. ವಾಪಸ್ ಬಂದ್ಮೇಲೆ ಸೆನ್ಸೇ (ಗುರುಗಳು) ನನ್ನನ್ನ ನಿಂತು ಉರುಳೋಕೆ ಬಿಡ್ಲಿಲ್ಲ, ಒಂದು ಮಂಡಿ ಊರಿ ಕೂತ್ಕೊಂಡೇ ನಿಧಾನವಾಗಿ, ಮೈಯಲ್ಲಿ ಎಲ್ಲಿ ಗಂಟು ಸಿಗುತ್ತೆ ನೋಡ್ಕೊಂಡು ಉರುಳು ಅಂದ್ರು. ಹೊಸದಾಗಿ ಸೇರೋರಿಗೆ ನಾನೂ ಇದನ್ನೇ ಹೇಳ್ತೀನಿ, ಕೂತು ಉರುಳೋದು ಪೂರ್ತಿ ಸಲೀಸಾಗೋ ತನಕ ಏಳ್ಬೇಡಿ.

ಇನ್ನು ತೆಂಕಾನ್ ಅನ್ನೋ ತಿರುಗೋ ಹೆಜ್ಜೆ, ನನಗೆ ತುಂಬ ಇಷ್ಟವಾದದ್ದು, ಬರೋಕೆ ತುಂಬ ಟೈಮ್ ತಗೊಂಡದ್ದೂ ಅದೇ. ನಮ್ಮ ದೋಜೋದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದಾರೆ. ನನ್ನ ಬಲಗೈ ಮಣಿಕಟ್ಟನ್ನ ಅವ್ರ ಎಡಗೈಯಲ್ಲಿ ಹಿಡಿದ್ರೆ ನನ್ನಿಂದ ಅಲ್ಲಾಡಿಸೋಕೂ ಆಗ್ತಿರ್ಲಿಲ್ಲ, ನಾನು ಎಳ್ದಷ್ಟೂ ಅವ್ರಿಗೆ ನಾನು ಯಾವ ಕಡೆ ಹೋಗ್ತೀನಿ ಅನ್ನೋದು ಮೊದ್ಲೇ ಗೊತ್ತಾಗ್ತಿತ್ತು. ಚಿಕರಾ ನುಯಿತೆ, ಬಲ ಬಿಡು, ಅಂತ ಪ್ರತಿ ಸಲ ಹೇಳೋರು. ಬಲ ಬಿಟ್ಟು ಏನ್ ಮಾಡ್ಬೇಕು ಅನ್ನೋದು ಗೊತ್ತಾಗಿದ್ದು ಐದಾರು ತಿಂಗಳಾದ್ಮೇಲೆ. ಹಿಡಿದಿರೋ ಜಾಗ ಎಲ್ಲಿದ್ಯೋ ಅಲ್ಲೇ ಇರ್ಲಿ. ಬಲಗಾಲನ್ನ ಅವ್ರ ಮುಂದಿನ ಕಾಲಿನ ಹೊರಗಡೆ ಜಾರಿಸಿ, ನನ್ನ ಅದೇ ಬಲಗಾಲಿನ ಮುಂಪಾದದ ಮೇಲೆ ಅರ್ಧ ಸುತ್ತು ತಿರುಗಿ, ಎಡಗಾಲನ್ನ ಹಿಂದಕ್ಕೆ ತಂದ್ರೆ ನಾವಿಬ್ರೂ ಅಕ್ಕಪಕ್ಕ ಒಂದೇ ದಿಕ್ಕಿಗೆ ನೋಡ್ತಾ ನಿಂತಿರ್ತೀವಿ, ನನ್ನ ಅಂಗೈ ಮೇಲ್ಮುಖವಾಗಿ ನನ್ನ ಹೊಟ್ಟೆ ಮುಂದೇನೇ ಇರುತ್ತೆ. ನನಗೆ ಆವಾಗ ನೆನಪಾಗಿದ್ದು ನಮ್ಮನೆ ಬೀಸೋಕಲ್ಲು, ನಡುವಿನ ಗೂಟ ಕದಲಲ್ಲ, ಮೇಲಿನ ಕಲ್ಲು ಸುತ್ತುತ್ತೆ. ಮಣಿಕಟ್ಟು ಗೂಟ, ನಾನು ಕಲ್ಲು. ಅವತ್ತು ಅಜ್ಜಿ ತಾವಾಗೇ ಒಂದು ಹೆಜ್ಜೆ ಮುಂದೆ ಬಂದ್ರು, ನಾನು ಎಳೆದೇ ಇರ್ಲಿಲ್ಲ.

ಇದು ಬಂದ್ಮೇಲೆ ಉಳಿದದ್ದೆಲ್ಲ ಅರ್ಥ ಆಗೋಕೆ ಶುರುವಾಯ್ತು. ತೆಂಕಾನ್ ಅಂದ್ರೆ ತಿರುಗಿ ಪಕ್ಕ ಸೇರೋದು, ಇರಿಮಿ ಅಂದ್ರೆ ಹೊಡೆತ ಬರೋ ಗೆರೆ ಬಿಟ್ಟು ಸೀದಾ ಒಳಗೆ ನುಗ್ಗೋದು, ಹೆಚ್ಚುಕಮ್ಮಿ ಎಲ್ಲಾ ಪಟ್ಟುಗಳೂ ಈ ಎರಡರ ಮೇಲೇ ನಿಂತಿವೆ. 5ನೇ ಕ್ಯೂ ಅಂದ್ರೆ ಶುರುವಿನ ಹಂತದ ಪರೀಕ್ಷೇಲಿ ಕೇಳೋ ಪಟ್ಟುಗಳು ಇವು: ಶೋಮೆನುಚಿಗೆ (ಮೇಲಿಂದ ತಲೆಗೆ ಬರೋ ಹೊಡೆತಕ್ಕೆ) ಇಕ್ಕ್ಯೋ, ಇರಿಮಿನಾಗೆ, ಕತಾತೆದೋರಿಗೆ (ಒಂದು ಮಣಿಕಟ್ಟು ಹಿಡಿದಾಗ) ಶಿಹೋನಾಗೆ, ಕೂತು ಮಾಡೋ ಕೊಕ್ಯೂಹೋ. ಕೂತು ಅಂದ್ರೆ ಸೇಯ್ಜಾ, ನಮ್ಮ ವಜ್ರಾಸನಾನೇ, ಅದು ಮೊದಲಿಂದ ರೂಢಿ ಇದ್ದಿದ್ರಿಂದ ನನಗೆ ಒಳ್ಳೇದಾಯ್ತು.

ಶಿಹೋನಾಗೆ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಹಿಡಿದ ಕೈಯನ್ನ ಕತ್ತಿ ಎತ್ತೋ ಹಾಗೆ ನಮ್ಮ ಹಣೆ ಮುಂದೆ ಎತ್ತಿ, ಅದ್ರ ಕೆಳಗೆ ಹಾದು ತಿರುಗಿ, ಅವ್ರ ಭುಜದ ಪಕ್ಕದಲ್ಲೇ ಕೆಳಕ್ಕೆ ಇಳಿಸ್ಬೇಕು. ತೋಳನ್ನ ಹೊರಗಡೆ ದೂರ ಎಳೆದ್ರೆ ಮೊಣಕೈ, ಭುಜಕ್ಕೆ ಪೆಟ್ಟಾಗುತ್ತೆ, ಜೋರಾಗಿ ಕೆಡವಿದ್ರೆ ಬೀಳೋರ ತಲೆ ಹಿಂಭಾಗ ಬಡಿಯುತ್ತೆ. ಹೊಸಬರ ಜೊತೆ ನಾನು ಕೈ ಬಿಡೋದೇ ಇಲ್ಲ, ಅವ್ರ ಸೊಂಟ ಚಾಪೆ ಮುಟ್ಟೋವರೆಗೂ ನಾನೂ ಜೊತೇಲಿ ಬಗ್ತೀನಿ. ನಿಕ್ಯೋ, ಕೊತೆಗಾಯೆಶಿ ಥರ ಮಣಿಕಟ್ಟಿನ ಪಟ್ಟುಗಳಲ್ಲೂ ಅಷ್ಟೇ, ಎದುರಿನವ್ರು ಚಾಪೆಗೆ ಎರಡು ಸಲ ತಟ್ಟಿದ ಕ್ಷಣವೇ ಬಿಟ್ಟುಬಿಡ್ಬೇಕು, ಇನ್ನೊಂಚೂರು ಒತ್ತಿ ನೋಡೋಣ ಅನ್ನೋದು ಬೇಡವೇ ಬೇಡ.

ಮನೇಲಿ ಅಭ್ಯಾಸ ಮಾಡೋಕೆ ಚಾಪೆ ಬೇಕಾಗಿಲ್ಲ. ನಾನು ಬೆಳಿಗ್ಗೆ ಹಾಲು ಕಾಯೋಕಿಟ್ಟು ಸಾಕ್ಸ್ ಹಾಕ್ಕೊಂಡು ಅಡುಗೆಮನೆ ಮರದ ನೆಲದ ಮೇಲೆ ತೆಂಕಾನ್ ಮಾಡ್ತೀನಿ, ಬಲಗಡೆ ಹತ್ತು, ಎಡಗಡೆ ಹತ್ತು, ಇನ್ನೊಂದು ಕೈಯ ಎರಡು ಬೆರಳಿಂದ ಮಣಿಕಟ್ಟನ್ನ ಹಗುರವಾಗಿ ಹಿಡ್ಕೊಂಡು. ಎಡಗಡೆ ಇನ್ನೂ ಹಿಮ್ಮಡಿ ಎದ್ದು ಓಲಾಡುತ್ತೆ, ಮುಂದಿನ ಪರೀಕ್ಷೆ ಒಳಗೆ ಅದನ್ನ ಸರಿ ಮಾಡ್ಕೋಬೇಕು.